ಡಬ್ಬಿ ತಿರುಗಿಸಿ ಓದಿ: ಬೆಕ್ಕಿಗೆ ಧಾನ್ಯವಿಲ್ಲದ ವೆಟ್ ಫುಡ್ ಆರಿಸುವಾಗ

ನನ್ನ ಮೇಜಿನ ಮೇಲೆ ಬೆಕ್ಕಿನ ವೆಟ್ ಫುಡ್, ಅಂದರೆ ನೀರಿನಂಶ ಹೆಚ್ಚಿರುವ ಮೆತ್ತನೆಯ ಆಹಾರದ ಮೂರು ಪ್ಯಾಕೆಟ್ ಇವೆ. ಒಂದು ಟ್ಯೂನಾ ಮೀನಿನ ಡಬ್ಬಿ. ಮುಚ್ಚಳ ತೆಗೆದರೆ ತಿಳಿನೀರಿನಲ್ಲಿ ಎಳೆ ಎಳೆಯಾಗಿ ಬಿಡಿಸಿದ ಮೀನು, ನಾವೇ ತಿನ್ನಬಹುದು ಅನ್ನಿಸುವಷ್ಟು ಚೊಕ್ಕ. ಎರಡನೆಯದು ಕೋಳಿಮಾಂಸದ ತುಂಡುಗಳಿರುವ ಗ್ರೇವಿ ಪೌಚ್. ಇವೆರಡರ ಮೇಲೂ ದಪ್ಪ ಅಕ್ಷರದಲ್ಲಿ ‘ಗ್ರೇನ್ ಫ್ರೀ’ (ಧಾನ್ಯ ಇಲ್ಲ) ಎಂದಿದೆ. ಮೂರನೆಯದು ನುಣ್ಣಗೆ ರುಬ್ಬಿದ ಮಾಂಸದ ಡಬ್ಬಿ, ಅಂಗಡಿಯಲ್ಲಿ ‘ಪಾಟೇ’ ಅನ್ನುತ್ತಾರೆ. ಅದರ ಪದಾರ್ಥಗಳ ಪಟ್ಟಿಯಲ್ಲಿ ಕೋಳಿ, ಲಿವರ್, ಮೀನು ಎಲ್ಲ ಆದ ಮೇಲೆ ಕೊನೆಯ ಕಡೆ ‘ಅಕ್ಕಿ’ ಎಂಬ ಪದ ಇದೆ.

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗಳು ಒಂದೂವರೆ ವರ್ಷದ ಬೆಕ್ಕೊಂದನ್ನು ಸಾಕಿಕೊಂಡಿದ್ದಾಳೆ. ಕಳೆದ ವಾರ ಫೋನ್ ಮಾಡಿ, “ಚಿಕ್ಕಮ್ಮಾ, ಗ್ರೇನ್ ಫ್ರೀ ಅಂತ ಇರೋದನ್ನೇ ಹಾಕಬೇಕಂತೆ, ಅನ್ನ-ಗಿನ್ನ ಸೇರಿದ್ರೆ ಬೆಕ್ಕಿಗೆ ವಿಷ ಅಂತೆ, ಯಾವುದು ತಗೊಳ್ಳಲಿ?” ಎಂದು ಕೇಳಿದಳು. ಅವಳಿಗಾಗಿಯೇ ಈ ಮೂರನ್ನೂ ತಂದು ಮುಂದಿಟ್ಟುಕೊಂಡೆ. ಇವುಗಳಲ್ಲಿ ದಿನಾ ಹಾಕುವುದಕ್ಕೆ ಒಂದನ್ನು ಆರಿಸು ಅಂದರೆ ನಾನು ಆರಿಸುವುದು ಅಕ್ಕಿ ಸೇರಿರುವ ಮೂರನೆಯ ಡಬ್ಬಿಯನ್ನು. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಣಜದ ಬಾಗಿಲಲ್ಲಿ ಕೂತ ಮಾಂಸಾಹಾರಿ

ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಧಾನ್ಯದ ದೆಸೆಯಿಂದ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜನ ಬೇಸಾಯ ಹಿಡಿದು ಕಾಳು ಕೂಡಿಡಲು ಶುರು ಮಾಡಿದರು. ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಇಷ್ಟು ಕಾಲ ಕಣಜದ ಬಾಗಿಲಲ್ಲೇ ಕೂತಿದ್ದರೂ ಬೆಕ್ಕಿನ ದೇಹ ಕಾಳಿಗೆ ಒಗ್ಗಿಕೊಳ್ಳಲಿಲ್ಲ. ಕಾಳು ತಿಂದ ಇಲಿಯನ್ನು ತಿಂದೇ ಅದು ಬದುಕಿತು.

ಹಾಗೆ ಬದುಕಿದ್ದರ ಗುರುತು ಅದರ ಮೈಯ ಒಳಗೆಲ್ಲ ಇದೆ. ಬೆಕ್ಕಿಗೆ ಸಿಹಿ ರುಚಿ ತಿಳಿಯುವುದಿಲ್ಲ. ಸಿಹಿಯನ್ನು ಗುರುತಿಸುವ ಜೀನುಗಳಲ್ಲಿ ಒಂದು ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಗೊತ್ತಾಯಿತು. ಕ್ಯಾರೆಟ್, ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೋಟಿನ್‌ನಿಂದ ನಮ್ಮ ದೇಹ ವಿಟಮಿನ್ ಎ ಮಾಡಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಅದು ಆಗುವುದಿಲ್ಲ, ಸಿದ್ಧವಾದ ವಿಟಮಿನ್ ಎ ಲಿವರ್‌ನಂಥ ಪದಾರ್ಥದಿಂದಲೇ ಬರಬೇಕು. ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಂಶವೂ ಪ್ರಾಣಿಮೂಲದಿಂದಲೇ ಬರಬೇಕು. ಎಲ್ಲಕ್ಕಿಂತ ಮುಖ್ಯ ಟಾರಿನ್. ಮಾಂಸದಲ್ಲಿ, ಮೀನಿನಲ್ಲಿ ಇರುವ ಈ ವಸ್ತುವನ್ನು ಬೆಕ್ಕು ಸಾಕಷ್ಟು ತಯಾರಿಸಿಕೊಳ್ಳಲಾರದು. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣಿನ ರೆಟಿನಾ ಹಾಳಾಗುತ್ತದೆ ಎಂದು 1975ರಲ್ಲೇ ತಿಳಿದಿತ್ತು. 1987ರಲ್ಲಿ ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ಇನ್ನೂ ದೊಡ್ಡದನ್ನು ತೋರಿಸಿದರು: ಹೃದಯ ಹಿಗ್ಗಿ ದುರ್ಬಲವಾಗಿ ಸಾಯುತ್ತಿದ್ದ ಎಷ್ಟೋ ಬೆಕ್ಕುಗಳ ರೋಗಕ್ಕೆ ಟಾರಿನ್ ಕೊರತೆಯೇ ಕಾರಣವಾಗಿತ್ತು, ಟಾರಿನ್ ಕೊಟ್ಟಾಗ ಹೃದಯ ಸುಧಾರಿಸಿತು. ಆ ಬೆಕ್ಕುಗಳು ತಿನ್ನುತ್ತಿದ್ದುದು ಅಂಗಡಿಯ ಆಹಾರವನ್ನೇ. ಆಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು, ಆ ರೋಗವೂ ವಿರಳವಾಯಿತು.

ಹಾಗಾದರೆ ಧಾನ್ಯ ವಿಷವೇ? ಖಂಡಿತ ಅಲ್ಲ. ಬೆಕ್ಕಿನ ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇಲ್ಲ, ಕರುಳಿನಲ್ಲಿಯೂ ಕಡಿಮೆ, ನಿಜ. ಆದರೂ ಚೆನ್ನಾಗಿ ಬೆಂದ ಪಿಷ್ಟವನ್ನು ಅದು ಬಹುಪಾಲು ಜೀರ್ಣಿಸಿಕೊಳ್ಳುತ್ತದೆ. ಪ್ರಶ್ನೆ ಇರುವುದು ಪ್ರಮಾಣದಲ್ಲಿ. ಮನೆ ಬಿಟ್ಟು ಬೇಟೆಯಾಡಿ ಬದುಕುವ ಬೆಕ್ಕುಗಳ ಆಹಾರವನ್ನು ಲೆಕ್ಕ ಹಾಕಿದ ಸಂಶೋಧಕರು, ಅವಕ್ಕೆ ಸಿಗುವ ಕ್ಯಾಲೊರಿಯಲ್ಲಿ ಸುಮಾರು 52 ಪಾಲು ಪ್ರೋಟೀನ್, 46 ಪಾಲು ಕೊಬ್ಬು, ಬರೀ 2 ಪಾಲು ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆಯ ಅಂಶ) ಎಂದು ಕಂಡುಕೊಂಡರು. ಇನ್ನೊಂದು ಪ್ರಯೋಗದಲ್ಲಿ ಸಾಕುಬೆಕ್ಕುಗಳ ಮುಂದೆ ಬೇರೆ ಬೇರೆ ಬಗೆಯ ಆಹಾರ ಇಟ್ಟು ಆಯ್ದುಕೊಳ್ಳಲು ಬಿಟ್ಟರು. ಅವು ತಾವೇ ಆರಿಸಿಕೊಂಡದ್ದು 52 ಪಾಲು ಪ್ರೋಟೀನ್, 36 ಪಾಲು ಕೊಬ್ಬು, 12 ಪಾಲು ಕಾರ್ಬೋಹೈಡ್ರೇಟ್. ಎರಡು ಅಧ್ಯಯನದಲ್ಲೂ ಅದೇ 52 ಬಂದದ್ದು ನನಗೆ ಬಹಳ ಮನಸ್ಸಿಗೆ ನಾಟಿದ ಸಂಗತಿ.

“ನಮ್ಮ ಅಜ್ಜಿ ಮನೇಲಿ ಬೆಕ್ಕಿಗೆ ಹಾಲು-ಅನ್ನವೇ ಹಾಕ್ತಿದ್ದರು, ಚೆನ್ನಾಗೇ ಇತ್ತಲ್ಲ” ಎಂದು ಕೇಳುವವರು ಇದ್ದಾರೆ. ನಮ್ಮ ಅಜ್ಜಿಯ ಮನೆಯಲ್ಲೂ ಹಾಗೇ ಇತ್ತು. ಆದರೆ ಆ ಬೆಕ್ಕು ಹಾಲು-ಅನ್ನ ನೆಕ್ಕಿ ಅಟ್ಟ ಹತ್ತುತ್ತಿತ್ತು. ಅಟ್ಟದಲ್ಲಿ ಇಲಿ, ಹಿತ್ತಲಲ್ಲಿ ಓತಿಕ್ಯಾತ, ಹಕ್ಕಿಮರಿ. ಕರಾವಳಿಯ ಮನೆಯಾದರೆ ಬೂತಾಯಿ, ಬಂಗುಡೆ ಹೆಚ್ಚುವಾಗ ತಲೆ, ಕರುಳು ಎಲ್ಲ ಅದಕ್ಕೇ. ನಾವು ನೋಡಿದ್ದು ತಟ್ಟೆಯ ಅನ್ನವನ್ನು ಮಾತ್ರ. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ, ಬಾಲ್ಕನಿಗೆ ಬಲೆ ಕಟ್ಟಿದ ಮನೆಯಲ್ಲಿ ಇರುವ ಬೆಕ್ಕಿಗೆ ಅಟ್ಟವೂ ಇಲ್ಲ, ಹಿತ್ತಲೂ ಇಲ್ಲ. ನಾವು ತಟ್ಟೆಗೆ ಹಾಕಿದ್ದೇ ಅದರ ಪೂರ್ತಿ ಊಟ. ಅದರಲ್ಲಿ ಏನು ಇಲ್ಲವೋ ಅದು ಬೆಕ್ಕಿಗೆ ಬೇರೆಲ್ಲಿಂದಲೂ ಸಿಗುವುದಿಲ್ಲ. ಅಂದಹಾಗೆ, ಹಾಲು ಕೂಡ ಮರಿಯಾಗಿದ್ದಾಗಿನ ಆಹಾರ. ದೊಡ್ಡದಾದ ಮೇಲೆ ಬಹಳ ಬೆಕ್ಕುಗಳಿಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದೆ ಭೇದಿಯಾಗುತ್ತದೆ.

ಏಕಾದಶಿಯ ಲೆಕ್ಕ

ಏಕಾದಶಿಯ ದಿನ ಅಕ್ಕಿ ಮುಟ್ಟದವರು ಸಬ್ಬಕ್ಕಿ ಉಪ್ಪಿಟ್ಟು, ಆಲೂಗಡ್ಡೆ ಪಲ್ಯ ತಿನ್ನುತ್ತಾರೆ. ಹೆಸರಿನಲ್ಲಿ ‘ಅಕ್ಕಿ’ ಇದ್ದರೂ ಸಬ್ಬಕ್ಕಿ ಧಾನ್ಯವಲ್ಲ, ಮರಗೆಣಸಿನ ಪಿಷ್ಟ. ವ್ರತದ ನಿಯಮದ ಪ್ರಕಾರ ಅಲ್ಲಿ ಧಾನ್ಯ ಇಲ್ಲ, ಸರಿ. ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ಡಾಕ್ಟರು ಸಬ್ಬಕ್ಕಿಯನ್ನೂ ಲೆಕ್ಕ ಹಿಡಿಯಿರಿ ಅನ್ನುತ್ತಾರೆ, ಯಾಕೆಂದರೆ ದೇಹಕ್ಕೆ ಎರಡೂ ಪಿಷ್ಟವೇ. ‘ಗ್ರೇನ್ ಫ್ರೀ’ ಎಂಬ ಮಾತನ್ನು ಓದಬೇಕಾದದ್ದು ಹೀಗೆ. ಅದರ ಅರ್ಥ ಅಕ್ಕಿ, ಗೋಧಿ, ಮೆಕ್ಕೆಜೋಳ, ಬಾರ್ಲಿ, ಓಟ್ಸ್ ಇಲ್ಲ ಎಂದಷ್ಟೇ. ಬಟಾಣಿ, ಬೇಳೆ, ಆಲೂಗಡ್ಡೆ, ಟಾಪಿಯೋಕಾ (ಅಂದರೆ ಅದೇ ಮರಗೆಣಸಿನ ಪಿಷ್ಟ) ಎಷ್ಟು ಬೇಕಾದರೂ ಇರಬಹುದು.

ಈ ಹೆಸರು ಹುಟ್ಟಿದ್ದಕ್ಕೆ ಅರ್ಥ ಇದ್ದದ್ದು ಡ್ರೈ ಫುಡ್ ಲೋಕದಲ್ಲಿ. ಕಿಬಲ್ ಅಂದರೆ ಕುರುಕಲು ಕಾಳಿನಂಥ ಆಹಾರವನ್ನು ಯಂತ್ರದಲ್ಲಿ ಬಿಸಿ ಮಾಡಿ, ಒತ್ತಿ, ಉಬ್ಬಿಸಿ ತಯಾರಿಸುತ್ತಾರೆ. ನಮ್ಮ ಚಕ್ಕುಲಿಗೆ ಅಕ್ಕಿಹಿಟ್ಟು ಇಲ್ಲದೆ ಆಕಾರ ನಿಲ್ಲದ ಹಾಗೆ, ಅದಕ್ಕೂ ಪಿಷ್ಟ ಬೇಕೇ ಬೇಕು. ಅಲ್ಲಿ ಮೆಕ್ಕೆಜೋಳ, ಅಕ್ಕಿ ತೆಗೆದರೆ ಆ ಜಾಗಕ್ಕೆ ಬಟಾಣಿಯೋ ಆಲೂಗಡ್ಡೆಯೋ ಬರಬೇಕು. ವೆಟ್ ಫುಡ್ ಕಥೆ ಬೇರೆ. ಮಾಂಸ, ನೀರು, ಸ್ವಲ್ಪ ಗಟ್ಟಿಗಟ್ಟಿಸುವ ಗೋಂದು ಹಾಕಿ ಡಬ್ಬಿಯಲ್ಲೇ ಬೇಯಿಸಿದರೆ ಸಾಕು, ಪಿಷ್ಟ ಅಗತ್ಯವೇ ಇಲ್ಲ. ಹೀಗಾಗಿ ವೆಟ್ ಫುಡ್ ಮೇಲೆ ‘ಗ್ರೇನ್ ಫ್ರೀ’ ಎಂದು ಬರೆಯುವುದು ಕಂಪನಿಗೆ ಬಹಳ ಸುಲಭ. ಹಾಗೆ ಬರೆಯದ ಡಬ್ಬಿಗಳಲ್ಲೂ ಎಷ್ಟೋ ಸಲ ಧಾನ್ಯ ಇರುವುದಿಲ್ಲ.

ಜನರಿಗೆ ಧಾನ್ಯದ ಮೇಲೆ ಗುಮಾನಿ ಬಂದದ್ದಕ್ಕೆ ಕಾರಣ ಇತ್ತು ಅನ್ನುವುದನ್ನೂ ಹೇಳಬೇಕು. 2007ರಲ್ಲಿ ಉತ್ತರ ಅಮೆರಿಕದಲ್ಲಿ ಗ್ರೇವಿ ತುಂಡುಗಳ ವೆಟ್ ಫುಡ್ ತಿಂದ ಬೆಕ್ಕು, ನಾಯಿಗಳು ಕಿಡ್ನಿ ಕೆಟ್ಟು ಸತ್ತವು. ಚೀನಾದಿಂದ ತರಿಸಿದ್ದ ಗೋಧಿಯ ಗ್ಲುಟೆನ್‌ಗೆ, ಪ್ರೋಟೀನ್ ಹೆಚ್ಚಾಗಿ ಕಾಣಲೆಂದು, ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆಸಿದ್ದರು. ತಪ್ಪು ಕಲಬೆರಕೆಯದು. ಆದರೆ ನೋವುಂಡವರ ಮನಸ್ಸಿನಲ್ಲಿ ಉಳಿದದ್ದು ‘ಗೋಧಿ’. ಆಮೇಲಿನ ವರ್ಷಗಳಲ್ಲಿ ಗ್ರೇನ್ ಫ್ರೀ ಆಹಾರದ ಮಾರಾಟ ಜೋರಾಯಿತು. 2018ರ ಜುಲೈನಲ್ಲಿ ಗಾಳಿ ಇನ್ನೊಂದು ದಿಕ್ಕಿನಿಂದ ಬೀಸಿತು. ಬಟಾಣಿ, ಬೇಳೆ, ಆಲೂಗಡ್ಡೆ ಹೆಚ್ಚಿರುವ ಆಹಾರ ತಿಂದ ನಾಯಿಗಳಲ್ಲಿ ಹೃದಯ ಹಿಗ್ಗುವ ರೋಗ ಕಾಣುತ್ತಿದೆ ಎಂಬ ವರದಿಗಳನ್ನು ತನಿಖೆ ಮಾಡುತ್ತಿರುವುದಾಗಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಕಟಿಸಿತು. 2014ರಿಂದ 2019ರ ಏಪ್ರಿಲ್‌ವರೆಗೆ ಅದಕ್ಕೆ ಬಂದ ಇಂಥ ವರದಿಗಳು 524; ಅದರಲ್ಲಿ 515 ನಾಯಿಗಳವು, 9 ಬೆಕ್ಕುಗಳವು. ಆಹಾರವೇ ಕಾರಣ ಎಂದು ಅದು ಸಾಬೀತು ಮಾಡಲಿಲ್ಲ. ಹೊಸ ವೈಜ್ಞಾನಿಕ ಮಾಹಿತಿ ಬಂದರೆ ಮಾತ್ರ ಮುಂದೆ ಹೇಳುತ್ತೇವೆ ಎಂದು 2022ರ ಕೊನೆಯಲ್ಲಿ ತಿಳಿಸಿತು. ಬೆಕ್ಕು ಸಾಕಿದವರು ಇದರಿಂದ ಗಾಬರಿಯಾಗಬೇಕಿಲ್ಲ. ಧಾನ್ಯ ತೆಗೆದ ಜಾಗದಲ್ಲಿ ಏನು ತುಂಬಿದ್ದಾರೆ ಎಂದು ಮಾತ್ರ ನೋಡಲೇಬೇಕು.

ಅಲರ್ಜಿಗೆ ಹೆದರಿ ಗ್ರೇನ್ ಫ್ರೀ ಹುಡುಕುವವರೂ ಬಹಳ. ಬೆಕ್ಕಿನ ಆಹಾರದ ಅಲರ್ಜಿಗಳ ಬಗ್ಗೆ 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ 78 ಬೆಕ್ಕುಗಳ ವಿವರ ಇದೆ: ದನದ ಮಾಂಸಕ್ಕೆ ಶೇ 18, ಮೀನಿಗೆ ಶೇ 17, ಕೋಳಿಗೆ ಶೇ 5, ಗೋಧಿ ಮತ್ತು ಮೆಕ್ಕೆಜೋಳಕ್ಕೆ ತಲಾ ಶೇ 4. ಅಂದರೆ ಮೈ ಕೆರೆದುಕೊಂಡು ಕುತ್ತಿಗೆಯ ಕೂದಲು ಉದುರಿಸಿಕೊಂಡ ಬೆಕ್ಕಿಗೆ ಗ್ರೇನ್ ಫ್ರೀ ಟ್ಯೂನಾ ತಂದುಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ ಆಗಬಹುದು. ಅಲರ್ಜಿ ಇದೆಯೋ ಇಲ್ಲವೋ ಎಂದು ತಿಳಿಯಲು ಇರುವ ನಂಬಿಕೆಯ ದಾರಿ ಒಂದೇ. ಅದುವರೆಗೆ ತಿಂದಿಲ್ಲದ ಮಾಂಸದ ಆಹಾರವೋ ಡಾಕ್ಟರು ಬರೆದುಕೊಡುವ ವಿಶೇಷ ಆಹಾರವೋ ಒಂದನ್ನೇ ಸುಮಾರು ಎಂಟು ವಾರ ಹಾಕಿ, ನಡುವೆ ಬೇರೆ ಒಂದು ತುಣುಕೂ ಕೊಡದೆ ಕಾದು ನೋಡುವುದು.

ಮೂರು ಪ್ಯಾಕೆಟ್, ಒಂದು ಪೆನ್ಸಿಲ್

ಈಗ ಪ್ಯಾಕೆಟ್ ತಿರುಗಿಸೋಣ. ಹಿಂಬದಿಯ ಅಕ್ಷರ ಸಣ್ಣ, ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದುವುದೇ ಸಲೀಸು. ಮೊದಲು ಹುಡುಕಬೇಕಾದ ಪದ ‘ಕಂಪ್ಲೀಟ್’. ಅಮೆರಿಕದ ಕ್ರಮದಲ್ಲಿ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂದು ಇರುತ್ತದೆ, ಯುರೋಪಿನ ಕ್ರಮದಲ್ಲಿ ‘ಕಂಪ್ಲೀಟ್ ಪೆಟ್ ಫುಡ್’ ಎಂದು. ಅದರ ಅರ್ಥ ಬೆಕ್ಕು ಬೇರೇನೂ ತಿನ್ನದೆ ಇದೊಂದನ್ನೇ ತಿಂದರೂ ಬೇಕಾದ ಪೋಷಕಾಂಶ ಎಲ್ಲ ಸಿಗುತ್ತದೆ ಎಂದು. ಅದರ ಬದಲಿಗೆ ‘ಕಾಂಪ್ಲಿಮೆಂಟರಿ’ ಎಂದೋ ‘ಇಂಟರ್ಮಿಟೆಂಟ್ ಆರ್ ಸಪ್ಲಿಮೆಂಟಲ್ ಫೀಡಿಂಗ್’ ಎಂದೋ ಇದ್ದರೆ ಅದು ಊಟವಲ್ಲ, ಊಟದ ಜೊತೆಯ ಹಪ್ಪಳ.

ನನ್ನ ಮುಂದಿರುವ ಟ್ಯೂನಾ ಡಬ್ಬಿಯ ಹಿಂದೆ ಇರುವುದು ಈ ‘ಕಾಂಪ್ಲಿಮೆಂಟರಿ’ ಪದವೇ. ಪದಾರ್ಥ: ಟ್ಯೂನಾ, ನೀರು, ಗೌರ್ ಗಮ್ (ಅಂದರೆ ಗೋರಿಕಾಯಿ ಬೀಜದ ಗೋಂದು). ಅಷ್ಟೇ. ವಿಟಮಿನ್ ಇಲ್ಲ, ಖನಿಜ ಇಲ್ಲ, ಸೇರಿಸಿದ ಟಾರಿನ್ ಇಲ್ಲ. ಪಟ್ಟಿ ಚಿಕ್ಕದಾಗಿದ್ದಷ್ಟೂ ಶುದ್ಧ ಎಂದು ನಮಗೆ ಅನ್ನಿಸುತ್ತದೆ. ಬೆಕ್ಕಿನ ಆಹಾರದಲ್ಲಿ ಬಹಳ ಸಲ ಇದು ತಿರುವುಮುರುವು. ಪಟ್ಟಿಯ ಕೊನೆಯಲ್ಲಿ ಬಾಯಿಗೆ ಬಾರದ ಹೆಸರುಗಳು ಸಾಲಾಗಿ ಬಂದರೆ ಅವು ಹೆಚ್ಚಾಗಿ ಥಯಾಮಿನ್, ಸತು, ವಿಟಮಿನ್ ಇ, ಟಾರಿನ್. ಆ ಸಾಲು ಕಂಡರೆ ನನಗೆ ಸಮಾಧಾನ. ಬರೀ ಮೀನನ್ನೇ ತಿಂಗಳುಗಟ್ಟಲೆ ತಿಂದು ವಿಟಮಿನ್ ಇ ಸಾಲದೆ ಬಂದರೆ ಬೆಕ್ಕಿನ ಮೈಯ ಕೊಬ್ಬು ಉರಿಯೂತದಿಂದ ಗಡ್ಡೆಗಟ್ಟಿ, ಮುಟ್ಟಿದರೆ ನೋಯುವ ರೋಗ ಬರುತ್ತದೆ. ಟ್ಯೂನಾ ವಾರಕ್ಕೊಂದು ದಿನದ ಸಂಭ್ರಮವಾಗಿರಲಿ.

‘ಕಂಪ್ಲೀಟ್’ ಪದದ ಪಕ್ಕದಲ್ಲೇ ಯಾವ ವಯಸ್ಸಿಗೆ ಎಂದೂ ಇರುತ್ತದೆ. ‘ಅಡಲ್ಟ್ ಮೆಂಟೆನೆನ್ಸ್’ ಬೆಳೆದ ಬೆಕ್ಕಿಗೆ. ‘ಗ್ರೋತ್’ ಅಥವಾ ‘ಆಲ್ ಲೈಫ್ ಸ್ಟೇಜಸ್’ ಎಂದಿದ್ದರೆ ಮರಿಗೂ, ಬಸುರಿ ಬೆಕ್ಕಿಗೂ ಆಗುತ್ತದೆ. ಜೊತೆಗೆ ಆಫ್ಕೋ (AAFCO) ಅಥವಾ ಫೆಡಿಯಾಫ್ (FEDIAF) ಎಂಬ ಹೆಸರು ಕಾಣುತ್ತದೆ. ಮೊದಲನೆಯದು ಅಮೆರಿಕದ ಸಂಸ್ಥೆ, ಎರಡನೆಯದು ಯುರೋಪಿನದು. ನಮ್ಮ ಅಂಗಡಿಗಳಲ್ಲಿ ಸಿಗುವ ಪೌಚ್‌ಗಳಲ್ಲಿ ಹಲವು ಥಾಯ್ಲೆಂಡಿನಲ್ಲಿ ತಯಾರಾದವು, ಅವುಗಳ ಮೇಲೂ ಇವೇ ಹೆಸರು. ಇವು ಯಾವ ಡಬ್ಬಿಯನ್ನೂ ಪರೀಕ್ಷೆ ಮಾಡಿ ಮುದ್ರೆ ಒತ್ತುವುದಿಲ್ಲ. ಇಷ್ಟಿಷ್ಟು ಪೋಷಕಾಂಶ ಇರಬೇಕು ಎಂಬ ಅಳತೆ ಗೊತ್ತು ಮಾಡುತ್ತವೆ, ಆ ಅಳತೆಗೆ ಹೊಂದಿಸಿದ್ದೇವೆ ಎಂದು ಹೇಳುವುದು ಕಂಪನಿ. ಆಫ್ಕೋ ಪ್ರಕಾರ ನೀರು ಕಳೆದ ಲೆಕ್ಕದಲ್ಲಿ ಬೆಳೆದ ಬೆಕ್ಕಿಗೆ ಕನಿಷ್ಠ ಶೇ 26, ಮರಿಗೆ ಶೇ 30 ಪ್ರೋಟೀನ್ ಇರಬೇಕು. ಟಾರಿನ್ ಡ್ರೈ ಫುಡ್‌ನಲ್ಲಿ ಶೇ 0.1 ಸಾಕು, ಡಬ್ಬಿಯ ಆಹಾರದಲ್ಲಿ ಅದರ ಎರಡರಷ್ಟು, ಶೇ 0.2 ಬೇಕು.

‘ನೀರು ಕಳೆದ ಲೆಕ್ಕ’ ಅಂದೆನಲ್ಲ, ಅದನ್ನು ಒಂದು ಸಲ ಕೈಯಾರೆ ಮಾಡಿದರೆ ಮುಂದೆ ಯಾವ ಪ್ಯಾಕೆಟ್ಟೂ ನಿಮ್ಮ ಕಣ್ಣಿಗೆ ಮಣ್ಣೆರಚಲಾರದು. ಗ್ರೇವಿ ಪೌಚಿನ ಹಿಂದೆ ಹೀಗಿದೆ: ಪ್ರೋಟೀನ್ 8, ಕೊಬ್ಬು 2.5, ನಾರು 0.5, ಬೂದಿ 2, ತೇವಾಂಶ 82. ಬೂದಿ ಅಂದರೆ ಖನಿಜಗಳ ಅಂಶ. ಬರೆದಿಲ್ಲದಿದ್ದರೆ ವೆಟ್ ಫುಡ್‌ಗೆ ಅಂದಾಜು 2 ಎಂದು ಹಿಡಿಯಿರಿ. ಎಲ್ಲ ಕೂಡಿದರೆ 95. ನೂರರಲ್ಲಿ ಉಳಿದ 5 ಕಾರ್ಬೋಹೈಡ್ರೇಟ್. ಅದನ್ನು ಯಾರೂ ಪ್ಯಾಕೆಟ್ ಮೇಲೆ ಬರೆಯುವುದಿಲ್ಲ, ನಾವೇ ಕಳೆದು ಕಂಡುಕೊಳ್ಳಬೇಕು. ಐದೇ ತಾನೇ ಅನ್ನಿಸುತ್ತದೆ. ಆದರೆ 82 ನೀರು ತೆಗೆದರೆ ಪೌಚಿನಲ್ಲಿ ಗಟ್ಟಿ ಪದಾರ್ಥ ಇರುವುದೇ 18. ಹದಿನೆಂಟರಲ್ಲಿ ಐದು ಅಂದರೆ ಶೇ 28. ಪದಾರ್ಥಗಳ ಪಟ್ಟಿ ನೋಡಿದರೆ ಟಾಪಿಯೋಕಾ ಪಿಷ್ಟ, ಬಟಾಣಿ ಹಿಟ್ಟು. ಏಕಾದಶಿಯ ಸಬ್ಬಕ್ಕಿ ಇಲ್ಲಿದೆ.

ಇನ್ನು ಅಕ್ಕಿ ಇರುವ ಪಾಟೇ ಡಬ್ಬಿ: ಪ್ರೋಟೀನ್ 10.5, ಕೊಬ್ಬು 5.5, ನಾರು 0.5, ಬೂದಿ 2.5, ತೇವಾಂಶ 78. ಕೂಡಿದರೆ 97, ಉಳಿದದ್ದು 3. ಗಟ್ಟಿ ಪದಾರ್ಥ 22ರಲ್ಲಿ 3 ಅಂದರೆ ಸುಮಾರು ಶೇ 14. ಪ್ರೋಟೀನ್ ಸುಮಾರು ಶೇ 48. ಅಕ್ಕಿ ಇರುವ ಡಬ್ಬಿಯಲ್ಲಿ ಇರುವ ಪಿಷ್ಟ, ಧಾನ್ಯವೇ ಇಲ್ಲದ ಪೌಚಿನ ಪಿಷ್ಟದ ಅರ್ಧ! ಟ್ಯೂನಾ ಡಬ್ಬಿಯಲ್ಲಿ ಲೆಕ್ಕ ಹಾಕಿದರೆ ಪಿಷ್ಟ ಸೊನ್ನೆ, ಆದರೆ ಅದು ಪೂರ್ತಿ ಊಟವೇ ಅಲ್ಲ. ಪ್ಯಾಕೆಟ್ ಮೇಲೆ ಬರೆಯುವ ಪ್ರೋಟೀನ್, ಕೊಬ್ಬು ಸಾಮಾನ್ಯವಾಗಿ ಕನಿಷ್ಠ ಪ್ರಮಾಣ, ತೇವಾಂಶ ಗರಿಷ್ಠ ಪ್ರಮಾಣ, ಹಾಗಾಗಿ ನಮ್ಮ ಉತ್ತರ ಅಂದಾಜು. ಎರಡು ಪ್ಯಾಕೆಟ್ ಹೋಲಿಸುವುದಕ್ಕೆ ಈ ಅಂದಾಜು ಧಾರಾಳ ಸಾಕು. ಒಟ್ಟಾರೆ ನನ್ನ ಅನುಭವದಲ್ಲಿ ಪಾಟೇಯಲ್ಲಿ ಪಿಷ್ಟ ಕಡಿಮೆ, ಗ್ರೇವಿಯಲ್ಲಿ ಹೆಚ್ಚು, ಯಾಕೆಂದರೆ ಸಾರು ಮಂದವಾಗಬೇಕಾದರೆ ಏನಾದರೂ ಹಿಟ್ಟು ಬೀಳಲೇಬೇಕು. ಬೆಕ್ಕು ಗ್ರೇವಿಯನ್ನೆಲ್ಲ ನೆಕ್ಕಿ, ಮಾಂಸದ ತುಂಡುಗಳನ್ನು ತಟ್ಟೆಯಂಚಿಗೆ ತಳ್ಳಿ ಎದ್ದುಹೋಗುವುದನ್ನು ನೋಡಿದ್ದೀರಲ್ಲ? ಆಗ ಅದು ತಿಂದದ್ದು ಹೆಚ್ಚಾಗಿ ಹಿಟ್ಟಿನ ನೀರು.

ಹೆಸರಿನಲ್ಲೂ ಒಳಗುಟ್ಟು ಇದೆ. ಆಫ್ಕೋ ನಿಯಮದಲ್ಲಿ ಡಬ್ಬಿಯ ಹೆಸರು ಬರೀ ‘ಚಿಕನ್’ ಎಂದಿದ್ದರೆ, ಬೇಯಿಸಲು ಹಾಕಿದ ನೀರು ಬಿಟ್ಟು ಶೇ 95 ಕೋಳಿ ಇರಬೇಕು. ‘ಚಿಕನ್ ಡಿನ್ನರ್’, ‘ಚಿಕನ್ ರೆಸಿಪಿ’ ಎಂಬಂಥ ಹೆಸರಿಗೆ ಶೇ 25 ಸಾಕು. ‘ವಿತ್ ಚಿಕನ್’ ಎಂದರೆ ಶೇ 3! ಯುರೋಪಿನಲ್ಲಿ ಅದೇ ಮಾತಿಗೆ ಶೇ 4. ‘ಚಿಕನ್ ಫ್ಲೇವರ್’ ಎಂದರೆ ರುಚಿ ಗೊತ್ತಾದರೆ ಸಾಕು. ಒಂದು ಪುಟ್ಟ ‘ವಿತ್’ ಪದ ತೊಂಬತ್ತೈದನ್ನು ಮೂರು ಮಾಡಿಬಿಡುತ್ತದೆ.

ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿ ಇರುತ್ತದೆ. ಮೊದಲ ಎರಡು-ಮೂರು ಹೆಸರು ಕೋಳಿ, ಲಿವರ್, ಮೀನು ಎಂದು ಸ್ಪಷ್ಟವಾಗಿ ಮಾಂಸದ್ದೇ ಆಗಿರಬೇಕು, ನಡುವೆ ಸಾರಿನ ನೀರು ಬಂದರೆ ತಕರಾರಿಲ್ಲ. ಬಟಾಣಿ, ಬಟಾಣಿ ಪ್ರೋಟೀನ್, ಬಟಾಣಿ ನಾರು ಎಂದು ಒಂದೇ ಕಾಳು ಮೂರು ವೇಷದಲ್ಲಿ ಬಂದಿದ್ದರೆ ಮೂರನ್ನೂ ಕೂಡಿ ಯೋಚಿಸಿ; ಬಿಡಿಬಿಡಿಯಾಗಿ ಬರೆದದ್ದಕ್ಕೇ ಅವು ಮಾಂಸಕ್ಕಿಂತ ಕೆಳಗೆ ಇಳಿದಿರುತ್ತವೆ. ಇದನ್ನು ಪ್ರೋಟೀನಿಗೂ ಅನ್ವಯಿಸಿ, ಬಟಾಣಿಯ ಪ್ರೋಟೀನೂ ಗ್ರೇವಿ ಪೌಚಿನ ಆ 8ರಲ್ಲಿ ಸೇರಿಕೊಂಡಿರುತ್ತದೆ. ‘ಬೈ ಪ್ರಾಡಕ್ಟ್’ ಎಂಬ ಪದ ಕಂಡು ಮುಖ ಸಿಂಡರಿಸುವವರ ಜೊತೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅದು ಲಿವರ್, ಗುಲ್ಮ, ಕಿಡ್ನಿ, ಶ್ವಾಸಕೋಶ. ಬೆಕ್ಕು ಇಲಿ ಹಿಡಿದರೆ ಎದೆಯ ಮಾಂಸವನ್ನು ಮಾತ್ರ ಬಿಡಿಸಿ ತಿನ್ನುವುದಿಲ್ಲ, ಪೂರ್ತಿ ತಿನ್ನುತ್ತದೆ. ಬೋಟಿ ಸಾರನ್ನು ಇಷ್ಟಪಟ್ಟು ಉಣ್ಣುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನೀರಿಗಾಗಿ ಕೊಡುವ ದುಡ್ಡು

ಧಾನ್ಯದ ವಿಚಾರಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ನೀರಿನ ವಿಚಾರ. ನಮ್ಮ ಮನೆಯ ಗಂಡು ಬೆಕ್ಕು ಕರಿಯನಿಗೆ ಮೂರು ವರ್ಷವಾಗಿದ್ದಾಗ ನಾವು ಹಾಕುತ್ತಿದ್ದುದು ಬರೀ ಡ್ರೈ ಫುಡ್. ಒಂದು ಬೇಸಿಗೆಯ ರಾತ್ರಿ ಅವನು ಮರಳಿನ ಟ್ರೇಗೆ ಹೋಗುವುದು, ಕೂತು ತಿಣುಕುವುದು, ಏನೂ ಬಾರದೆ ಎದ್ದು ಬರುವುದು, ಮತ್ತೆ ಹೋಗುವುದು. ನಾನು ಮಲಬದ್ಧತೆ ಅಂದುಕೊಂಡೆ. ಬೆಳಿಗ್ಗೆ ಹೊಟ್ಟೆ ಮುಟ್ಟಿದರೆ ಕಲ್ಲಿನ ಹಾಗಿತ್ತು, ಕೂಗಿಕೊಂಡ. ಮೂತ್ರದ ದಾರಿ ಕಟ್ಟಿಹೋಗಿತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು, ಹರಳಿನ ಪುಡಿಯೋ ಲೋಳೆಯೋ ಸಿಕ್ಕಿಕೊಂಡರೆ ಸಾಕು. ಒಂದೆರಡು ದಿನ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಅವನು ಉಳಿದ. ಗಂಡು ಬೆಕ್ಕು ಹೀಗೆ ತಿಣುಕುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಹೊತ್ತಿಗೇ ಆಸ್ಪತ್ರೆಗೆ ಓಡಿ.

ಬೆಕ್ಕಿನ ಪೂರ್ವಜರು ಒಣ ಪ್ರದೇಶದವರು, ಬೇಟೆಯ ಮೈಯಲ್ಲಿದ್ದ ನೀರೇ ಅವುಗಳ ಬಹುಪಾಲು ನೀರು. ಬಾಯಾರಿಕೆ ಅವಕ್ಕೆ ಮಂದ. ನಾಲ್ಕು ಕಿಲೋ ತೂಕದ ಮನೆಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಅಷ್ಟನ್ನು ಡ್ರೈ ಫುಡ್‌ನಿಂದ ಕೊಟ್ಟರೆ ಸುಮಾರು 60 ಗ್ರಾಂ, ಅದರಲ್ಲಿ ಇರುವ ನೀರು ಬರೀ 6 ಎಂಎಲ್. ಮೇಲಿನ ಪಾಟೇಯಿಂದ ಕೊಟ್ಟರೆ ಸುಮಾರು 210 ಗ್ರಾಂ, ಅದರಲ್ಲಿ 160 ಎಂಎಲ್‌ಗೂ ಹೆಚ್ಚು ನೀರು. ವೆಟ್ ಫುಡ್‌ನ ದೊಡ್ಡ ಲಾಭ ಇದೇ. ಧಾನ್ಯ ಇರಲಿ ಬಿಡಲಿ, ಈ ಲಾಭ ಸಿಗುತ್ತದೆ.

ಇಲ್ಲೇ ದುಡ್ಡಿನ ಮಾತೂ ಬರುತ್ತದೆ. ಕ್ಯಾಲೊರಿ ಲೆಕ್ಕ ಹೀಗೆ: ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಗ್ರಾಂಗೆ 3.5, ಕೊಬ್ಬು ಗ್ರಾಂಗೆ 8.5. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 85 ಗ್ರಾಂ ಅಳತೆಯಲ್ಲಿ ಪಾಟೇ ಸುಮಾರು 80 ಕ್ಯಾಲೊರಿ, ಗ್ರೇವಿ ಪೌಚ್ ಸುಮಾರು 57, ತಿಳಿನೀರಿನ ಟ್ಯೂನಾ 40ಕ್ಕೂ ಕಡಿಮೆ. ಅಂದರೆ ದಿನಕ್ಕೆ ಎರಡೂವರೆ ಪಾಟೇ ಸಾಕಾದರೆ, ಗ್ರೇವಿ ಮೂರೂವರೆ ಬೇಕು. ‘ದಿನಕ್ಕೊಂದು ಪೌಚ್ ಹಾಕ್ತೀವಿ, ಆದರೂ ಸಣ್ಣಗಾಗ್ತಿದೆ’ ಅನ್ನುವವರ ಸಮಸ್ಯೆ ಇಷ್ಟೇ. ಬೆಲೆ ಹೋಲಿಸುವಾಗ ಪೌಚಿಗೆ ಪೌಚ್ ಹೋಲಿಸದೆ 100 ಕ್ಯಾಲೊರಿಗೆ ಎಷ್ಟು ರೂಪಾಯಿ ಎಂದು ನೋಡಿ. ಅಗ್ಗ ಅನ್ನಿಸಿದ್ದು ಎಷ್ಟೋ ಸಲ ದುಬಾರಿಯಾಗುತ್ತದೆ. ಪೂರ್ತಿ ವೆಟ್ ಫುಡ್ ಕೈಗೆಟುಕದವರು ಬೆಳಿಗ್ಗೆ ಒಂದು ಪೌಚ್, ರಾತ್ರಿ ಒಂದು, ನಡುವೆ ಅಳೆದ ಡ್ರೈ ಫುಡ್ ಎಂದು ಮಾಡಿಕೊಂಡರೆ ತಪ್ಪೇನಿಲ್ಲ. ಪೌಚಿಗೆ ಎರಡು ಚಮಚ ಬಿಸಿನೀರು ಬೆರೆಸಿ. ಆ ನೀರು ಪುಕ್ಕಟೆ.

ಮನೆಯಲ್ಲೇ ಕೋಳಿ ಬೇಯಿಸಿ, ಅನ್ನ ಬೆರೆಸದೆ ಹಾಕಿದರೆ ಅದೂ ಗ್ರೇನ್ ಫ್ರೀ ಆಯಿತಲ್ಲ ಎಂದು ಅಕ್ಕನ ಮಗಳು ಕೇಳಿದಳು. ಆಯಿತು, ಆದರೆ ಕಂಪ್ಲೀಟ್ ಆಗಲಿಲ್ಲ. ಬರೀ ಮಾಂಸದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ತಿಂದು ಬೆಳೆದ ಮರಿಗಳ ದೇಹ ಕ್ಯಾಲ್ಸಿಯಂಗಾಗಿ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ, ಸೋಫಾದಿಂದ ಹಾರಿದರೂ ಕಾಲು ಮುರಿಯಬಹುದು. ದಿನಾ ಲಿವರ್ ಹಾಕಿದರೆ ವಿಟಮಿನ್ ಎ ಮಿತಿಮೀರಿ ಕುತ್ತಿಗೆಯ ಮೂಳೆಗಳು ಬೆಸೆದುಕೊಳ್ಳುತ್ತವೆ. ನಮ್ಮ ಸಾರಿನ ಮಾಂಸ ಎತ್ತಿ ಹಾಕುವುದಂತೂ ಬೇಡವೇ ಬೇಡ, ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಕೋಳಿ ಬಾಯಿರುಚಿಗೆ ಒಂದು ತುಣುಕು ಕೊಡಿ, ಊಟದ ಜಾಗಕ್ಕೆ ಬೇಡ. ಮಾಂಸ ಬೇಯಿಸದ ಮನೆಗಳಲ್ಲೂ ಬೆಕ್ಕು ಸಾಕುತ್ತಾರೆ. ಮೊಸರನ್ನದಲ್ಲಿ ಅದನ್ನು ಬದುಕಿಸಲು ಹೊರಟವರಿಗೆ ನಾನು ಕೈಮುಗಿದು ಹೇಳುವುದು, ಅಡುಗೆಮನೆಯ ಹೊರಗೆ, ಬಾಲ್ಕನಿಯ ಮೂಲೆಯಲ್ಲಾದರೂ ಪೌಚ್ ಕತ್ತರಿಸಿ ಹಾಕಿ.

ಕಿಡ್ನಿ ಕಾಯಿಲೆಯ ಮುದಿ ಬೆಕ್ಕಿಗೆ ಈ ಲೇಖನ ನೋಡಿ ಆಹಾರ ಆರಿಸಬೇಡಿ. ಅಲ್ಲಿ ಮುಖ್ಯವಾಗುವುದು ರಂಜಕ, ಮಾಂಸ ಹೆಚ್ಚಿರುವ ಗ್ರೇನ್ ಫ್ರೀ ಡಬ್ಬಿಗಳಲ್ಲಿ ಅದು ಬಹಳ ಇರಬಹುದು. ಸಕ್ಕರೆ ಕಾಯಿಲೆ ಇರುವ ಬೆಕ್ಕಿಗೆ ಪಿಷ್ಟ ಕಡಿಮೆ ಇರುವ ವೆಟ್ ಫುಡ್ ನಿಜಕ್ಕೂ ಒಳ್ಳೆಯದು, ಆದರೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳದೆ ಬದಲಿಸಬೇಡಿ. ಪಿಷ್ಟ ಇಳಿದು ಇನ್ಸುಲಿನ್ ಹಾಗೇ ಉಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.

ಹೊಸ ಆಹಾರವನ್ನು ಒಂದೇ ದಿನಕ್ಕೆ ಬದಲಿಸದೆ, ಹಳೆಯದರ ಜೊತೆ ಒಂದು ಚಮಚ ಬೆರೆಸಿ, ಏಳರಿಂದ ಹತ್ತು ದಿನದಲ್ಲಿ ಮೆಲ್ಲಗೆ ಹೆಚ್ಚಿಸಿ. ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೇ ಹಾಕಿದರೆ ಬೆಕ್ಕು ಮೂಸಿ ಹೊರಟುಹೋಗುತ್ತದೆ, ಪೌಚನ್ನು ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ಅದ್ದಿಡಿ. ಆಗ ತಾನೇ ಹಿಡಿದ ಬೇಟೆಯಷ್ಟು ಬೆಚ್ಚಗಾದರೆ ವಾಸನೆ ಎದ್ದು ತಾನೇ ಬರುತ್ತದೆ. ತೆರೆದ ಡಬ್ಬಿ ಫ್ರಿಜ್ಜಿನಲ್ಲಿ ಎರಡು ದಿನ ಮಾತ್ರ ಇರಲಿ. ತಟ್ಟೆಯಲ್ಲಿ ಉಳಿದದ್ದನ್ನು ನಮ್ಮ ಸೆಕೆಗೆ ಒಂದೆರಡು ಗಂಟೆಯೊಳಗೆ ಎತ್ತಿಬಿಡಿ. ‘ಹಸಿವಾದರೆ ತಾನೇ ತಿನ್ನುತ್ತೆ’ ಎಂದು ಮಾತ್ರ ಹಟ ಹಿಡಿಯಬೇಡಿ. ನಾಯಿಯ ಹಾಗಲ್ಲ, ಎರಡು-ಮೂರು ದಿನ ಉಪವಾಸ ಬಿದ್ದರೆ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಾಪಾಯ ಆಗಬಹುದು, ದಪ್ಪ ಬೆಕ್ಕಿಗೆ ಇನ್ನೂ ಬೇಗ. ಒಂದು ಇಡೀ ದಿನ ಮುಟ್ಟದಿದ್ದರೆ ಹಳೆಯ ಆಹಾರವನ್ನೇ ಹಾಕಿ, ಅದನ್ನೂ ಮುಟ್ಟದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಅಕ್ಕನ ಮಗಳು ಈಗ ಪಾಟೇಯನ್ನು ದಿನಕ್ಕೆ ಎರಡು ಹೊತ್ತು ಹಾಕುತ್ತಿದ್ದಾಳೆ. ಟ್ಯೂನಾ ಭಾನುವಾರಕ್ಕೆ. ಹದಿನೈದು ದಿನಕ್ಕೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ತಾನೊಬ್ಬಳೇ ನಿಂತು, ಕಳೆದು ಬರೆದಿಡು ಎಂದಿದ್ದೇನೆ. ನಿನ್ನೆ ಮೊದಲ ಅಂಕಿ ಕಳಿಸಿದ್ದಾಳೆ: 3.9 ಕಿಲೋ.